ಆಸ್ಪತ್ರೆಯ ಓದು ಬೇಕೆನ್ನುವ ಮಗಳು: ಪಿಯುಸಿಯಲ್ಲಿ ಯಾವ ವಿಷಯ, ಎಷ್ಟು ಓದು?

ಪ್ರಶ್ನೆ: ಮಗಳು ಎಸ್ಸೆಸ್ಸೆಲ್ಸಿ ಮುಗಿಸಿದ್ದಾಳೆ. ಒಂದರಿಂದ ಹತ್ತರವರೆಗೂ ನಮ್ಮ ಹಳ್ಳಿಯ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ವಿಜ್ಞಾನದಲ್ಲಿ 91, ಗಣಿತದಲ್ಲಿ 68 ಬಂದಿದೆ. ಆಸ್ಪತ್ರೆಯಲ್ಲಿ ಕೆಲಸ ಸಿಗುವ ಓದೇ ಬೇಕೆಂದು ಹಟ ಹಿಡಿದಿದ್ದಾಳೆ. ಅವರಪ್ಪ ‘ಆದರೆ ಎಂಬಿಬಿಎಸ್, ಇಲ್ಲದಿದ್ದರೆ ಬಿ.ಕಾಂ.’ ಅನ್ನುತ್ತಾರೆ. ಪಿಸಿಎಂಬಿಯನ್ನೇ (ಭೌತ, ರಸಾಯನ, ಗಣಿತ, ಜೀವಶಾಸ್ತ್ರ) ತೆಗೆದುಕೊಳ್ಳಬೇಕೆ? ಗಣಿತ ಬಿಟ್ಟರೆ ಮುಂದೆ ತೊಂದರೆಯೆ? ತಿಪಟೂರಿನಲ್ಲೇ ಓದಿಸುವುದೋ, ನೀಟ್ (ವೈದ್ಯಕೀಯ ಪ್ರವೇಶ ಪರೀಕ್ಷೆ) ಕೋಚಿಂಗ್ ಇರುವ ದೂರದ ಹಾಸ್ಟೆಲ್ ಕಾಲೇಜಿಗೆ ಹಾಕುವುದೋ? ಇಂಗ್ಲಿಷ್ ಮಾಧ್ಯಮದ ಭಯವೂ ಇದೆ.
— ಓದುಗರೊಬ್ಬರು, ತಿಪಟೂರು ತಾಲ್ಲೂಕು

ಉತ್ತರ: ಮೊದಲು ಕಾಂಬಿನೇಷನ್ ವಿಚಾರ ಮುಗಿಸಿಬಿಡೋಣ. ನೀವು ಅಂದುಕೊಂಡಷ್ಟು ಕಷ್ಟದ ನಿರ್ಧಾರ ಅದಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಈ ಮೂರು, ಜತೆಗೆ ಇಂಗ್ಲಿಷ್ ಇರಲೇಬೇಕು. ನಾಲ್ಕನೆಯ ವಿಷಯ ಏನೇ ಇದ್ದರೂ ಎಂಬಿಬಿಎಸ್, ಬಿಡಿಎಸ್, ಆಯುರ್ವೇದ, ಹೋಮಿಯೋಪಥಿ, ಬಿ.ಎಸ್ಸಿ. ನರ್ಸಿಂಗ್, ಫಿಸಿಯೋಥೆರಪಿ, ಬಿ.ಫಾರ್ಮಾ, ಲ್ಯಾಬ್ ಟೆಕ್ನಾಲಜಿ ಯಾವುದಕ್ಕೂ ಅಡ್ಡಿಯಿಲ್ಲ. ನೀಟ್ ಪರೀಕ್ಷೆಯಲ್ಲಿ ಗಣಿತದ ಪ್ರಶ್ನೆಪತ್ರಿಕೆಯೇ ಇಲ್ಲ. ಹಾಗಾಗಿ ‘ಗಣಿತ ಬಿಟ್ಟರೆ ಡಾಕ್ಟರ್ ಆಗುವುದಿಲ್ಲ’ ಎಂಬ ಮಾತನ್ನು ತಲೆಯಿಂದ ತೆಗೆದುಹಾಕಿ.

ಗಣಿತ ಇದ್ದರೆ ಏನು ಲಾಭ? ಮನಸ್ಸು ಬದಲಾದರೆ ಎಂಜಿನಿಯರಿಂಗ್, ಭೌತಶಾಸ್ತ್ರ, ಸಂಖ್ಯಾಶಾಸ್ತ್ರದ ದಾರಿ ತೆರೆದಿರುತ್ತದೆ. ಅದಕ್ಕೆ ತೆರುವ ಬೆಲೆ ಸಮಯ. ಪಿಯುಸಿ ಗಣಿತಕ್ಕೆ ತರಗತಿಯ ಹೊರಗೆ ವಾರಕ್ಕೆ ಆರು ಗಂಟೆಯಾದರೂ ಬೇಕು. ವರ್ಷಕ್ಕೆ 35 ವಾರ ಎಂದರೂ 210 ಗಂಟೆ. 68 ಅಂಕದ ಹುಡುಗಿಗೆ ಇದು ಸಣ್ಣ ಲೆಕ್ಕವಲ್ಲ. ಆ ಹೊತ್ತು ಭೌತಶಾಸ್ತ್ರಕ್ಕೆ ಸಿಕ್ಕರೆ ಫಲ ಹೆಚ್ಚು. ಅವಳಿಗೆ ಗಣಿತ ಕಂಡರೆ ಬೇಸರವಿದ್ದು, ಕಾಲೇಜಿನಲ್ಲಿ ಜೀವಶಾಸ್ತ್ರದ ಜೊತೆ ಗಣಿತದ ಬದಲು ಗೃಹವಿಜ್ಞಾನವೋ ಕಂಪ್ಯೂಟರ್ ಸೈನ್ಸೋ ಕೊಡುವುದಾದರೆ ಧೈರ್ಯವಾಗಿ ಅದನ್ನೇ ತೆಗೆದುಕೊಳ್ಳಲಿ. ಆದರೆ ತಾಲ್ಲೂಕು ಮಟ್ಟದ ಎಷ್ಟೋ ಕಾಲೇಜುಗಳಲ್ಲಿ ಇರುವುದು ಪಿಸಿಎಂಬಿ, ಪಿಸಿಎಂಸಿ (ಜೀವಶಾಸ್ತ್ರದ ಬದಲು ಕಂಪ್ಯೂಟರ್ ಸೈನ್ಸ್) ಎರಡೇ. ಹಾಗಿದ್ದರೆ ಪಿಸಿಎಂಬಿ ಸೇರಿ ಗಣಿತವನ್ನು ಪಾಸಾಗುವಷ್ಟಕ್ಕೆ ಓದಿದರೆ ಸಾಕು. ಪಿಸಿಎಂಸಿ ಮಾತ್ರ ಬೇಡವೇ ಬೇಡ. ಹನ್ನೆರಡನೆಯ ತರಗತಿ ಆದಮೇಲೂ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಬರೆದು ನೀಟ್‌ಗೆ ಕೂರಲು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರಲ್ಲಿ ಅವಕಾಶ ಕೊಟ್ಟಿದೆ, ನಿಜ. ಅದು ತಪ್ಪಿ ಬೇರೆ ದಾರಿ ಹಿಡಿದವರಿಗೆ ಇರುವ ಅನುಕೂಲ. ಗೊತ್ತಿದ್ದೂ ಆ ಸುತ್ತುದಾರಿಗೆ ಹೋಗುವುದೇಕೆ?

ಇನ್ನೊಂದು ಲೆಕ್ಕ ಇದರ ಜೊತೆಗೇ ನೋಡಿ, ಇದರಲ್ಲಿ ಬಹಳ ಮಂದಿ ಎಡವುತ್ತಾರೆ. ಅರ್ಹತೆಗೆ ಹಿಡಿಯುವುದು ಒಟ್ಟು ಶೇಕಡಾವಾರು ಅಲ್ಲ, ಮೂರು ವಿಷಯಗಳ ಮೊತ್ತ. ಎಂಬಿಬಿಎಸ್‌ಗೆ ಸಾಮಾನ್ಯ ವರ್ಗದವರಿಗೆ ಭೌತ, ರಸಾಯನ, ಜೀವಶಾಸ್ತ್ರ ಸೇರಿ 300ಕ್ಕೆ 150 ಬೇಕು. ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗದವರಿಗೆ 120. ಬಿ.ಎಸ್ಸಿ. ನರ್ಸಿಂಗ್‌ಗೆ ಭಾರತೀಯ ನರ್ಸಿಂಗ್ ಪರಿಷತ್ತು ಹೇಳುವುದು ಶೇ 45, ಅಂದರೆ 135. ಕನ್ನಡದಲ್ಲಿ 95, ಗಣಿತದಲ್ಲಿ 90 ಬಂದು ಮೂರು ವಿಜ್ಞಾನದಲ್ಲಿ 44, 47, 55 ಬಂದರೆ ಒಟ್ಟು ಅಂಕಪಟ್ಟಿ ಚೆನ್ನಾಗಿಯೇ ಕಾಣುತ್ತದೆ. ಮೊತ್ತ 146 ಆಗಿ ಸಾಮಾನ್ಯ ವರ್ಗದವರಿಗೆ ಎಂಬಿಬಿಎಸ್ ಬಾಗಿಲು ನಾಲ್ಕು ಅಂಕದಲ್ಲಿ ಮುಚ್ಚುತ್ತದೆ. ಅಂಥ ಸಂದರ್ಭದಲ್ಲಿ ಕೈಗೆ ಸಿಗುವ ಉಪಾಯ ಒಂದಿದೆ: 2024ರಿಂದ ದ್ವಿತೀಯ ಪಿಯುಸಿಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಯುತ್ತಿದ್ದು, ಹೆಚ್ಚು ಬಂದ ಅಂಕವನ್ನು ಉಳಿಸಿಕೊಳ್ಳಬಹುದು.

ಅವರಪ್ಪನ ‘ಎಂಬಿಬಿಎಸ್ ಇಲ್ಲವೇ ಬಿ.ಕಾಂ.’ ಮಾತಿಗೆ ಬರೋಣ. ಆಸ್ಪತ್ರೆಯೊಂದರಲ್ಲಿ ಒಬ್ಬ ರೋಗಿಯ ಶಸ್ತ್ರಚಿಕಿತ್ಸೆ ಆಗಬೇಕೆಂದರೆ ಶಸ್ತ್ರವೈದ್ಯರ ಜೊತೆ ಅನಸ್ತೇಷಿಯಾ ಟೆಕ್ನಾಲಜಿಸ್ಟ್, ಓಟಿ (ಶಸ್ತ್ರಚಿಕಿತ್ಸಾ ಕೊಠಡಿ) ಟೆಕ್ನಾಲಜಿಸ್ಟ್, ಸ್ಟಾಫ್ ನರ್ಸ್, ರಕ್ತ ಪರೀಕ್ಷೆಯವರು, ಸ್ಕ್ಯಾನಿಂಗ್‌ನವರು, ಫಾರ್ಮಸಿಸ್ಟ್, ಆಮೇಲೆ ಫಿಸಿಯೋಥೆರಪಿಸ್ಟ್ ಇಷ್ಟು ಜನ ಬೇಕು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಇವಕ್ಕೆಲ್ಲ ಪ್ರತ್ಯೇಕ ಪದವಿಗಳಿವೆ; ಡಯಾಲಿಸಿಸ್, ಪರ್ಫ್ಯೂಷನ್ (ಶಸ್ತ್ರಚಿಕಿತ್ಸೆಯಲ್ಲಿ ಹೃದಯ-ಶ್ವಾಸಕೋಶ ಯಂತ್ರ ನಡೆಸುವುದು), ಆಪ್ಟೊಮೆಟ್ರಿ (ದೃಷ್ಟಿ ಪರೀಕ್ಷೆ), ಇಮೇಜಿಂಗ್ ಕೂಡ ಇವೆ. ಸಂಸತ್ತು 2021ರಲ್ಲಿ ಅಲೈಡ್ ಮತ್ತು ಆರೋಗ್ಯ ವೃತ್ತಿಪರರಿಗಾಗಿಯೇ ರಾಷ್ಟ್ರೀಯ ಆಯೋಗದ ಕಾಯ್ದೆ ಮಾಡಿತು. ಅದರ ಅಡಿಯಲ್ಲಿ ಪಠ್ಯಕ್ರಮ, ಅವಧಿ, ಪ್ರವೇಶದ ನಿಯಮ ಎಲ್ಲವೂ ಬದಲಾಗುತ್ತಿರುವ ಕಾಲವಿದು. ಆದ್ದರಿಂದ ಈ ಕೋರ್ಸುಗಳ ಬಗ್ಗೆ ಎರಡು ವರ್ಷದ ಹಿಂದೆ ಸೇರಿದ ಅಕ್ಕಪಕ್ಕದವರ ಮಾತು ಕೇಳಿ ಕೂರಬೇಡಿ, ಆ ವರ್ಷದ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮಾಹಿತಿ ಪುಸ್ತಿಕೆಯನ್ನೇ ಓದಿ.

ಅವಧಿಯ ಅಂದಾಜು ಇರಲಿ. ಎಂಬಿಬಿಎಸ್ ನಾಲ್ಕೂವರೆ ವರ್ಷ, ಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಆಯುರ್ವೇದದ ಬಿಎಎಂಎಸ್‌ಗೂ ಅಷ್ಟೇ. ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷ. ಬಿ.ಫಾರ್ಮಾ ನಾಲ್ಕು, ಫಾರ್ಮ್.ಡಿ ಆರು. ಜಿಎನ್ಎಂ ನರ್ಸಿಂಗ್ ಡಿಪ್ಲೊಮಾ ಮೂರು ವರ್ಷ, ಇದಕ್ಕೆ ಕಲಾ, ವಾಣಿಜ್ಯ ವಿಭಾಗದವರೂ ಅರ್ಹರು. ಆಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಕೋರ್ಸ್ ಮಾಡಿ ಬಿ.ಎಸ್ಸಿ. ಪದವಿ ಪಡೆಯಬಹುದು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನು ನಮ್ಮ ಕಡೆಯ ಮಕ್ಕಳು ಯಾಕೋ ಮರೆತೇಬಿಡುತ್ತಾರೆ. ಮಾತು ಬಾರದ ಮಗುವಿಗೆ ಮಾತು ಕಲಿಸುವ, ಕಿವಿ ಕೇಳದವರನ್ನು ಪರೀಕ್ಷಿಸಿ ಶ್ರವಣ ಸಾಧನ ಹೊಂದಿಸುವ ಓದು ಅದು. ಕನ್ನಡ ಚೆನ್ನಾಗಿ ಬಲ್ಲವರಿಗೆ ಕರ್ನಾಟಕದಲ್ಲಿ ಅದೇ ಒಂದು ಅರ್ಹತೆ, ಏಕೆಂದರೆ ಚಿಕಿತ್ಸೆ ನಡೆಯುವುದೇ ರೋಗಿಯ ಭಾಷೆಯಲ್ಲಿ.

ಈಗ ನೀವು ಕೇಳದ, ಆದರೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ: ಪ್ರಥಮ ಪಿಯುಸಿಯನ್ನು ಹೇಗೆ ಓದಬೇಕು? ಸೀಟು ಕೈತಪ್ಪುವುದು ಸಾಮಾನ್ಯವಾಗಿ ದ್ವಿತೀಯ ಪಿಯುಸಿಯಲ್ಲಿ ಅಲ್ಲ, ಪ್ರಥಮದಲ್ಲಿ. ಬೋರ್ಡ್ ಅಂಕಪಟ್ಟಿಯಲ್ಲಿ ಎಣಿಕೆಗೆ ಬರುವುದಿಲ್ಲ ಎಂಬ ಒಂದೇ ಕಾರಣಕ್ಕೆ ಆ ವರ್ಷವನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ನೀಟ್‌ನಲ್ಲಿ ಹೆಚ್ಚುಕಡಿಮೆ ಅರ್ಧ ಪ್ರಶ್ನೆಗಳು ಪ್ರಥಮ ಪಿಯು ಪಾಠಗಳಿಂದಲೇ ಬರುತ್ತವೆ. ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆಯಾದ ಕೆಸಿಇಟಿಯಲ್ಲೂ ಆ ಪಾಠಗಳಿವೆ. ಅದಕ್ಕಿಂತ ದೊಡ್ಡ ಏಟು ಬೇರೆ: ಎರಡನೆಯ ವರ್ಷದ ಪಾಠಗಳು ಮೊದಲ ವರ್ಷದ ಹೆಗಲ ಮೇಲೆ ನಿಂತಿರುತ್ತವೆ. ವಸ್ತುವಿನ ಕಣಗಳನ್ನು ಎಣಿಸುವ ‘ಮೋಲ್’ ಲೆಕ್ಕ ಬಾರದವಳಿಗೆ ದ್ರಾವಣಗಳು, ವಿದ್ಯುದ್ರಸಾಯನ, ಕ್ರಿಯಾವೇಗ ಮೂರೂ ಪಾಠ ಕಬ್ಬಿಣದ ಕಡಲೆ. ಪ್ರಥಮ ಪಿಯುವಿನ ಕೊನೆಯಲ್ಲಿ ಅವಸರದಲ್ಲಿ ಮುಗಿಸುವ ಸಾವಯವ ರಸಾಯನದ ಮೂಲಪಾಠ ಸರಿಯಾಗಿ ಆಗದಿದ್ದರೆ, ಮುಂದಿನ ವರ್ಷ ಆಲ್ಕೋಹಾಲ್, ಆಲ್ಡಿಹೈಡ್, ಅಮೀನ್‌ಗಳ ಕ್ರಿಯೆಗಳನ್ನೆಲ್ಲ ಮಗ್ಗಿಯಂತೆ ಉರು ಹೊಡೆಯಬೇಕಾಗುತ್ತದೆ. ಪರೀಕ್ಷೆಯಲ್ಲಿ ಒಂದು ಗುಂಪು ಬದಲಿಸಿ ಕೇಳಿದರೆ ಉರು ಹೊಡೆದದ್ದು ಕೈಕೊಡುತ್ತದೆ. ಮನುಷ್ಯನ ಶರೀರಕ್ರಿಯೆಯ ಪಾಠಗಳೂ ಪ್ರಥಮ ಪಿಯುವಿನಲ್ಲೇ ಇವೆ. ನರ್ಸಿಂಗ್ ಓದಲಿ, ಡಯಾಲಿಸಿಸ್ ಓದಲಿ, ಮೊದಲ ಸೆಮಿಸ್ಟರ್ ಶುರುವಾಗುವುದು ಅಲ್ಲಿಂದಲೇ.

ಕಾಲೇಜು ಬಿಟ್ಟು ದಿನಕ್ಕೆ ನಾಲ್ಕು ಗಂಟೆ ಓದಲು ಸಿಗುತ್ತದೆ ಎಂದಿಟ್ಟುಕೊಳ್ಳಿ. ಒಂದೂವರೆ ಗಂಟೆ ಭೌತಶಾಸ್ತ್ರದ ಲೆಕ್ಕಕ್ಕೆ, ಒಂದು ಗಂಟೆ ರಸಾಯನಶಾಸ್ತ್ರಕ್ಕೆ, ಒಂದು ಗಂಟೆ ಜೀವಶಾಸ್ತ್ರಕ್ಕೆ, ಉಳಿದರ್ಧ ಗಂಟೆ ಇಂಗ್ಲಿಷ್‌ಗೆ ಇರಲಿ. ಗಣಿತ ತೆಗೆದುಕೊಂಡರೆ ಅದಕ್ಕೆ ಐದನೆಯ ಗಂಟೆ ಬೇಕು, ಭೌತಶಾಸ್ತ್ರದಿಂದ ಕದಿಯಬಾರದು. ಭಾನುವಾರ ಹೊಸ ಪಾಠ ಬೇಡ, ವಾರದಲ್ಲಿ ತಪ್ಪಿದ ಪ್ರಶ್ನೆಗಳನ್ನಷ್ಟೇ ಮತ್ತೆ ಮಾಡಬೇಕು. ತಪ್ಪುಗಳಿಗೆಂದೇ ಒಂದು ನೋಟ್‌ಪುಸ್ತಕ ಇಡಲಿ: ಎಡಪುಟದಲ್ಲಿ ಪ್ರಶ್ನೆ, ಬಲಪುಟದಲ್ಲಿ ತಪ್ಪಾದದ್ದು ಯಾಕೆ ಎಂಬ ಒಂದೇ ಸಾಲು. ‘ಸೂತ್ರ ಮರೆತೆ’, ‘ಪ್ರಶ್ನೆ ಸರಿಯಾಗಿ ಓದಲಿಲ್ಲ’, ‘ಗುಣಾಕಾರ ತಪ್ಪಿತು’ ಎಂದು ಬೇರೆ ಬೇರೆ ಬರೆದರೆ ಮೂರು ತಿಂಗಳಲ್ಲಿ ಅವಳ ರೋಗ ಯಾವುದೆಂದು ಅವಳಿಗೇ ತಿಳಿಯುತ್ತದೆ. ಪುಸ್ತಕದ ವಿಷಯದಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ನಮ್ಮ ಪಿಯು ವಿಜ್ಞಾನದ ಪಠ್ಯ ಎನ್‌ಸಿಇಆರ್‌ಟಿಯದೇ ಆಗಿರುವುದರಿಂದ ಬೋರ್ಡ್, ಕೆಸಿಇಟಿ, ನೀಟ್ ಮೂರಕ್ಕೂ ಬುನಾದಿ ಒಂದೇ. ಜೀವಶಾಸ್ತ್ರದಲ್ಲಂತೂ ಚಿತ್ರದ ಕೆಳಗಿನ ಸಾಲನ್ನೂ ಬಿಡದೆ ಆ ಪುಸ್ತಕವನ್ನು ನಾಲ್ಕು ಬಾರಿ ಓದಿದವರು, ನಾಲ್ಕು ಗೈಡ್ ಓದಿದವರಿಗಿಂತ ಮುಂದಿರುತ್ತಾರೆ.

ಗಣಿತ ಬಿಟ್ಟರೂ ಭೌತಶಾಸ್ತ್ರಕ್ಕೆ ಬೇಕಾದ ಗಣಿತ ಬಿಡಲಾಗದು. ತರಗತಿ ಶುರುವಾಗುವ ಮೊದಲು ರಜೆಯಲ್ಲಿ ಇಪ್ಪತ್ತು ಗಂಟೆ ಇದಕ್ಕಿಡಲಿ: 0, 30, 45, 60, 90 ಡಿಗ್ರಿಗಳ ಸೈನ್, ಕಾಸ್ ಬೆಲೆಗಳು, ಸದಿಶವನ್ನು ಎರಡು ಭಾಗ ಮಾಡುವುದು, ಹತ್ತರ ಘಾತಗಳು, ಲಾಗರಿತಮ್, ನಕ್ಷೆಯ ಓಟ, ಸರಳ ಅವಕಲನ, ಅನುಕಲನ. ನೀಟ್‌ನಲ್ಲಿ ಕ್ಯಾಲ್ಕುಲೇಟರ್ ಇಲ್ಲ, ಹಾಗಾಗಿ ಬಾಯಿಲೆಕ್ಕವೂ ಅಭ್ಯಾಸವಾಗಬೇಕು. ಸಣ್ಣ ಉದಾಹರಣೆ ನೋಡಿ. ಇಳಿಜಾರಿನ ಮೇಲಿರುವ ಪೆಟ್ಟಿಗೆಯನ್ನು ಕೆಳಕ್ಕೆಳೆಯುವ ಬಲ ತೂಕ ಗುಣಿಲೆ ಸೈನೋ, ಕಾಸೋ? ಮಕ್ಕಳು ಇಲ್ಲಿ ನಾಣ್ಯ ಚಿಮ್ಮುತ್ತಾರೆ. ಕೋನವನ್ನು ಸೊನ್ನೆ ಮಾಡಿ ನೋಡಬೇಕು: ನೆಲ ಸಪಾಟಾದರೆ ಪೆಟ್ಟಿಗೆ ಜಾರುವುದಿಲ್ಲ, ಅಂದರೆ ಉತ್ತರ ಸೊನ್ನೆ ಬರಬೇಕು. ಸೊನ್ನೆ ಡಿಗ್ರಿಗೆ ಸೈನ್ ಸೊನ್ನೆ, ಕಾಸ್ ಒಂದು. ಹಾಗಾಗಿ ಸೈನ್. ಇಷ್ಟು ಗಣಿತ ನರ್ಸಿಂಗ್‌ಗೆ ಹೋದರೂ ಬಿಡುವುದಿಲ್ಲ. 500 ಮಿ.ಲೀ. ಸಲೈನ್ ನಾಲ್ಕು ಗಂಟೆಯಲ್ಲಿ ಹೋಗಬೇಕು, ಡ್ರಿಪ್ ಸೆಟ್ಟಿನಲ್ಲಿ ಒಂದು ಮಿ.ಲೀ.ಗೆ 20 ಹನಿ. ಒಟ್ಟು ಹನಿ 10,000, ನಿಮಿಷ 240. ನಿಮಿಷಕ್ಕೆ ಸುಮಾರು 42 ಹನಿ. ಗಂಟೆಯನ್ನು ನಿಮಿಷಕ್ಕೆ ಬದಲಿಸಲು ಮರೆತವರ ಉತ್ತರ 2,500 ಬರುತ್ತದೆ. ಅಷ್ಟು ಹನಿ ಒಂದು ನಿಮಿಷದಲ್ಲಿ ಬೀಳಲು ಸಾಧ್ಯವೇ ಎಂದು ಒಂದು ಕ್ಷಣ ಯೋಚಿಸುವ ಅಭ್ಯಾಸವನ್ನು ಈಗಲೇ ಮಾಡಿಸಿ.

ಇಂಗ್ಲಿಷ್ ಭಯದ ಬಗ್ಗೆ ಬಿಡಿಸಿ ಹೇಳಬೇಕು. ನಿಮ್ಮ ಮಗಳಿಗೆ ವಿಜ್ಞಾನ ಗೊತ್ತಿದೆ, 91 ಅಂಕ ಸುಮ್ಮನೆ ಬರುವುದಿಲ್ಲ. ಗೊತ್ತಿಲ್ಲದಿರುವುದು ಹೆಸರುಗಳು. ಹೃತ್ಕರ್ಣ ಏಟ್ರಿಯಂ ಆಗುತ್ತದೆ, ಹೃತ್ಕುಕ್ಷಿ ವೆಂಟ್ರಿಕಲ್, ದ್ಯುತಿಸಂಶ್ಲೇಷಣೆ ಫೋಟೋಸಿಂಥೆಸಿಸ್, ವೇಗೋತ್ಕರ್ಷ ಆ್ಯಕ್ಸಲರೇಷನ್. ದಿನಕ್ಕೆ ಹದಿನೈದು ಪದದಂತೆ ಎರಡು ತಿಂಗಳಲ್ಲಿ ಒಂಬೈನೂರು ಪದ ಆಗುತ್ತದೆ. ಪ್ರಥಮ ಪಿಯುವಿನ ಮೊದಲ ಪಾಠಗಳನ್ನು ದಾಟಲು ಅಷ್ಟು ಸಾಕು. ಪದದ ತುಂಡುಗಳನ್ನು ಕಲಿಸಿದರೆ ಇನ್ನೂ ಸುಲಭ. ‘ಹೆಪಾಟೊ’ ಎಂದರೆ ಪಿತ್ತಜನಕಾಂಗ, ‘ನೆಫ್ರೊ’ ಎಂದರೆ ಮೂತ್ರಪಿಂಡ, ಕೊನೆಯಲ್ಲಿ ‘ಐಟಿಸ್’ ಬಂದರೆ ಉರಿಯೂತ, ‘ಎಕ್ಟಮಿ’ ಬಂದರೆ ಕತ್ತರಿಸಿ ತೆಗೆಯುವುದು. ಇಷ್ಟು ಗೊತ್ತಿದ್ದವಳು ಹೆಪಟೈಟಿಸ್, ನೆಫ್ರೆಕ್ಟಮಿ ಪದಗಳನ್ನು ಯಾರೂ ಹೇಳಿಕೊಡದೆ ಬಿಡಿಸಿಕೊಳ್ಳುತ್ತಾಳೆ.

ಎಚ್ಚರ ಬೇಕಿರುವುದು ಬೇರೆ ಕಡೆ. ಶಾಲೆಯಲ್ಲಿ ‘ಅಪಧಮನಿಯಲ್ಲಿ ಶುದ್ಧ ರಕ್ತ, ಅಭಿಧಮನಿಯಲ್ಲಿ ಅಶುದ್ಧ ರಕ್ತ’ ಎಂದು ಬಾಯಿಪಾಠ ಮಾಡಿಕೊಂಡು ಬಂದವರು, ಪಲ್ಮನರಿ ಆರ್ಟರಿಯ (ಶ್ವಾಸಕೋಶದ ಅಪಧಮನಿಯ) ಪ್ರಶ್ನೆಯಲ್ಲಿ ಬೀಳುತ್ತಾರೆ. ಹೃದಯದಿಂದ ಹೊರಕ್ಕೆ ಒಯ್ಯುವುದು ಆರ್ಟರಿ, ಹೃದಯಕ್ಕೆ ತರುವುದು ವೇನ್. ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂಬುದು ವ್ಯಾಖ್ಯೆಯೇ ಅಲ್ಲ. ಬಲ ಹೃತ್ಕುಕ್ಷಿಯಿಂದ ಶ್ವಾಸಕೋಶಕ್ಕೆ ಹೋಗುವ ಆರ್ಟರಿಯಲ್ಲಿ ಇರುವುದು ಆಮ್ಲಜನಕ ಕಡಿಮೆಯಿರುವ ರಕ್ತ. ತಪ್ಪು ಭಾಷೆಯದಲ್ಲ, ಅಡ್ಡದಾರಿಯ ಬಾಯಿಪಾಠದ್ದು. ಇಂಗ್ಲಿಷ್ ಮಾಧ್ಯಮದವರೂ ಇದೇ ಹಳ್ಳಕ್ಕೆ ಬೀಳುತ್ತಾರೆ. ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ, ಪಕ್ಕದಲ್ಲಿ ಇಂಗ್ಲಿಷ್ ಪಠ್ಯವೂ ಇರುತ್ತದೆ. ಅನುವಾದದಲ್ಲಿ ಗೊಂದಲ ಬಂದರೆ ಇಂಗ್ಲಿಷ್‌ನದ್ದೇ ಅಂತಿಮ. ಎರಡು ವರ್ಷ ಇಂಗ್ಲಿಷ್‌ನಲ್ಲಿ ಓದಿದ ಮೇಲೆ ಕನ್ನಡದ ಪಾರಿಭಾಷಿಕ ಪದಗಳೇ ಅಪರಿಚಿತವಾಗಿ ಕಾಣಬಹುದು. ಹಾಗಾಗಿ ಅರ್ಜಿ ಹಾಕುವ ಮೊದಲು ಹಳೆಯ ಕನ್ನಡ ಪ್ರಶ್ನೆಪತ್ರಿಕೆಯೊಂದನ್ನು ಬಿಡಿಸಿ ನೋಡಿ ತೀರ್ಮಾನಿಸಲಿ.

ಕೋಚಿಂಗ್ ಕಾಲೇಜಿನ ವಿಚಾರದಲ್ಲಿ ನನ್ನ ಅಭಿಪ್ರಾಯ ನೇರವಾಗಿದೆ: ಸಾಲ ಮಾಡಿ ಕಳಿಸುವುದಾದರೆ ಬೇಡ. ಕಟ್ಟಡ, ಜಾಹೀರಾತಿನ ಫೋಟೋ ನೋಡದೆ ನಾಲ್ಕು ಪ್ರಶ್ನೆ ಕೇಳಿ. ಭೌತಶಾಸ್ತ್ರಕ್ಕೆ ಎರಡೂ ವರ್ಷ ಒಬ್ಬರೇ ಮೇಷ್ಟ್ರು ಇರುತ್ತಾರೆಯೇ? ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಎರಡು ತಿಂಗಳು ಬ್ರಿಜ್ ಕೋರ್ಸ್ ಇದೆಯೇ? ಪರೀಕ್ಷೆಯ ನಂತರ ತಪ್ಪು ಉತ್ತರಗಳನ್ನು ತರಗತಿಯಲ್ಲಿ ಬಿಡಿಸುತ್ತಾರೆಯೇ? ಲ್ಯಾಬ್ ವಾರಕ್ಕೆ ಎಷ್ಟು ದಿನ? ಕೊನೆಯ ಪ್ರಶ್ನೆಗೆ ತಡವರಿಸಿದರೆ ಎದ್ದು ಬನ್ನಿ. ಹಲವು ಕಡೆ ರೆಕಾರ್ಡ್ ಬುಕ್ಕನ್ನು ಹಿರಿಯರದ್ದು ನೋಡಿ ನಕಲು ಮಾಡಿಸಿ ಮುಗಿಸುತ್ತಾರೆ. ಒಂದೊಂದು ವಿಜ್ಞಾನ ವಿಷಯಕ್ಕೂ 30 ಅಂಕ ಪ್ರಾಯೋಗಿಕ ಪರೀಕ್ಷೆಗೆ ಇದೆ. ಮೂರು ವಿಷಯಕ್ಕೆ 90, ಅಂದರೆ ಅರ್ಹತೆಗೆ ಬೇಕಾದ 150ರಲ್ಲಿ ಅರ್ಧಕ್ಕಿಂತ ಹೆಚ್ಚು.

ಅಂಕ ಹಾಗಿರಲಿ, ಆಸ್ಪತ್ರೆಯ ಕೆಲಸಕ್ಕೆ ಬೇಕಾದ ಕೈ ಪಳಗುವುದೇ ಅಲ್ಲಿ. ಆಕ್ಸಾಲಿಕ್ ಆಮ್ಲಕ್ಕೆ ಪೊಟ್ಯಾಸಿಯಂ ಪರ್ಮಾಂಗನೇಟ್ ಹನಿಸುವ ಪ್ರಯೋಗವನ್ನೇ ತೆಗೆದುಕೊಳ್ಳಿ. ಫ್ಲಾಸ್ಕಿನ ದ್ರಾವಣವನ್ನು 60ರಿಂದ 70 ಡಿಗ್ರಿಗೆ ಬಿಸಿ ಮಾಡಬೇಕು. ತಣ್ಣಗಿದ್ದರೆ ಕ್ರಿಯೆ ನಿಧಾನ, ಗುಲಾಬಿ ಬಣ್ಣ ಮಾಸದೆ ಉಳಿದು ಮುಗಿಯಿತೆಂಬ ಭ್ರಮೆ ಹುಟ್ಟಿಸುತ್ತದೆ. ಕುದಿಸಿದರೆ ಆಮ್ಲವೇ ವಿಘಟನೆಯಾಗುತ್ತದೆ. ಸಲ್ಫ್ಯೂರಿಕ್ ಆಮ್ಲ ಸಾಲದಿದ್ದರೆ ಕಂದು ಕಲ್ಮಶ ಕಾಣಿಸಿಕೊಳ್ಳುತ್ತದೆ. ಪರ್ಮಾಂಗನೇಟ್ ಗಾಢ ಬಣ್ಣದ್ದಾದ್ದರಿಂದ ಬ್ಯುರೆಟ್ಟಿನಲ್ಲಿ ಮೇಲಂಚು ನೋಡಿ ಓದಬೇಕು. ಅದೇ ರೀತಿ ಮೂತ್ರದಲ್ಲಿ ಸಕ್ಕರೆ, ಆಲ್ಬುಮಿನ್ ಪತ್ತೆಹಚ್ಚುವ ಜೀವಶಾಸ್ತ್ರದ ಪ್ರಯೋಗ: ಲ್ಯಾಬ್ ಟೆಕ್ನಾಲಜಿಗೆ ಹೋದವಳು ಮೊದಲ ವರ್ಷ ಕಲಿಯುವುದರ ಮೊದಲ ಪುಟವೇ ಅದು.

ದ್ವಿತೀಯ ಪಿಯುವಿನಲ್ಲಿ ಪರೀಕ್ಷೆಗಳ ಸಾಲು ಹೀಗಿರುತ್ತದೆ: ಬೋರ್ಡ್, ಅದರ ಬೆನ್ನಿಗೆ ಏಪ್ರಿಲ್ ಸುಮಾರಿಗೆ ಕೆಸಿಇಟಿ, ಮೇ ತಿಂಗಳಲ್ಲಿ ನೀಟ್. ನೀಟ್‌ನಲ್ಲಿ 180 ನಿಮಿಷಕ್ಕೆ 180 ಪ್ರಶ್ನೆ, 720 ಅಂಕ. ಸರಿಯಾದರೆ ನಾಲ್ಕು, ತಪ್ಪಾದರೆ ಒಂದು ಕಡಿತ. ಜೀವಶಾಸ್ತ್ರದ 90 ಪ್ರಶ್ನೆಗೆ ಅರ್ಧ ಅಂಕ ಮೀಸಲು. ಅದನ್ನು 50 ನಿಮಿಷದೊಳಗೆ ಮುಗಿಸಿದರೆ ಮಾತ್ರ ಭೌತಶಾಸ್ತ್ರಕ್ಕೆ ಉಸಿರಾಡಲು ಹೊತ್ತು ಸಿಗುತ್ತದೆ. ಕೆಸಿಇಟಿಯಲ್ಲಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ಕಡಿತವಿಲ್ಲ, ಹಾಗಾಗಿ ಅಲ್ಲಿ ಒಂದನ್ನೂ ಖಾಲಿ ಬಿಡಬಾರದು. ‘ನಮಗೆ ನೀಟ್ ಮಾತ್ರ ಸಾಕು’ ಎಂದು ಕೆಸಿಇಟಿ ಅರ್ಜಿ ಹಾಕದೆ ಕುಳಿತು, ಜೂನ್‌ನಲ್ಲಿ ನರ್ಸಿಂಗ್ ಸೀಟಿಗೆ ಓಡಾಡುವವರನ್ನು ಪ್ರತಿವರ್ಷ ಕಾಣಬಹುದು. ಅರ್ಜಿಯಲ್ಲಿ ಅವಳಿಗೆ ಅರ್ಹತೆಯಿರುವ ಕೋರ್ಸುಗಳನ್ನೆಲ್ಲ ಗುರುತಿಸಿ. ಗುರುತಿಸಿದ ಮಾತ್ರಕ್ಕೆ ಸೇರಲೇಬೇಕೆಂದಿಲ್ಲ.

ನೀಟ್‌ಗೆ ಗರಿಷ್ಠ ವಯಸ್ಸಿನ ಮಿತಿ ಈಗಿಲ್ಲ, ಆ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿದ್ದರಾಯಿತು. ಹಾಗೆಂದು ವರ್ಷದ ಮೇಲೆ ವರ್ಷ ರಿಪೀಟ್ ಮಾಡಿಸುವುದು ಸರಿಯಲ್ಲ. ಮೊದಲ ಸಲ ಜೀವಶಾಸ್ತ್ರ ಚೆನ್ನಾಗಿ ಬಂದು ಭೌತಶಾಸ್ತ್ರವೊಂದೇ ಕೈಕೊಟ್ಟಿದ್ದರೆ ಇನ್ನೊಂದು ವರ್ಷ ಕೊಡುವುದಕ್ಕೆ ಅರ್ಥವಿದೆ. ಮೂರರಲ್ಲೂ ಅಂಕ ಕೆಳಗಿದ್ದರೆ ಆ ವರ್ಷವನ್ನು ನರ್ಸಿಂಗೋ ಫಿಸಿಯೋಥೆರಪಿಯೋ ಶುರುಮಾಡಲು ಬಳಸುವುದು ಮೇಲು. ನರ್ಸಿಂಗ್ ಕಾಲೇಜು ನೋಡುವಾಗ ಭಾರತೀಯ ನರ್ಸಿಂಗ್ ಪರಿಷತ್ತು, ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತು, ವಿಶ್ವವಿದ್ಯಾಲಯ ಈ ಮೂರರ ಮಾನ್ಯತೆ ಆ ವರ್ಷಕ್ಕೆ ಇದೆಯೇ, ವಿದ್ಯಾರ್ಥಿಗಳು ವಾರ್ಡ್ ಡ್ಯೂಟಿಗೆ ಹೋಗುವ ಆಸ್ಪತ್ರೆ ಯಾವುದು ಎಂದು ಕೇಳಿ. ಆ ಆಸ್ಪತ್ರೆಗೇ ಒಮ್ಮೆ ಹೋಗಿ, ಹಾಸಿಗೆಗಳಲ್ಲಿ ರೋಗಿಗಳಿದ್ದಾರೆಯೇ ನೋಡಿ ಬನ್ನಿ.

ಕೊನೆಯದಾಗಿ ಒಂದು ಕಾಗದದ ಕೆಲಸ, ಇದನ್ನು ಈಗಲೇ ಮಾಡಿ. ನಿಮ್ಮ ಮಗಳು ಒಂದರಿಂದ ಹತ್ತರವರೆಗೆ ಪೂರ್ತಿ ಹಳ್ಳಿಯಲ್ಲಿ, ಪೂರ್ತಿ ಕನ್ನಡ ಮಾಧ್ಯಮದಲ್ಲಿ ಓದಿದ್ದಾಳೆ. ಕೆಇಎ ಸೀಟು ಹಂಚಿಕೆಯಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಿದೆ. ಪಿಯುಸಿಯನ್ನು ಪೇಟೆಯಲ್ಲಿ, ಇಂಗ್ಲಿಷ್‌ನಲ್ಲಿ ಓದಿದರೂ ಈ ಹಕ್ಕು ಹೋಗುವುದಿಲ್ಲ, ಏಕೆಂದರೆ ಲೆಕ್ಕಕ್ಕೆ ಬರುವುದು ಹತ್ತನೆಯ ತರಗತಿಯವರೆಗಿನ ಓದು. ಆದರೆ ಅದಕ್ಕೆ ನಿಗದಿತ ನಮೂನೆಯಲ್ಲಿ ಮುಖ್ಯ ಶಿಕ್ಷಕರ ಸಹಿ, ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಬೇಕು. ಪ್ರಾಥಮಿಕ ಶಾಲೆ, ಪ್ರೌಢಶಾಲೆ ಬೇರೆ ಬೇರೆಯಾಗಿದ್ದರೆ ಎರಡೂ ಕಡೆಯಿಂದ ತರಬೇಕು. ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿದ ವ್ಯಾಸಂಗ ಪ್ರಮಾಣಪತ್ರವೂ, ತಹಶೀಲ್ದಾರರ ಕಚೇರಿಯ ಆರ್‌ಡಿ ಸಂಖ್ಯೆಯಿರುವ ಜಾತಿ, ಆದಾಯ ಪ್ರಮಾಣಪತ್ರಗಳೂ ಜೊತೆಗಿರಲಿ. ಎಲ್ಲದರಲ್ಲೂ ಅವಳ ಹೆಸರು, ಇನಿಷಿಯಲ್, ನಿಮ್ಮಿಬ್ಬರ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವಂತೆಯೇ, ಅಕ್ಷರ ಹೆಚ್ಚುಕಡಿಮೆಯಾಗದೆ ಇರಬೇಕು. ಆಧಾರ್‌ನಲ್ಲಿ ಬೇರೆ ಇದ್ದರೆ ಅದನ್ನು ಈ ರಜೆಯಲ್ಲೇ ತಿದ್ದಿಸಿ; ದ್ವಿತೀಯ ಪಿಯುವಿನ ಜನವರಿಯಲ್ಲಿ ಸೇವಾ ಕೇಂದ್ರದ ಮುಂದೆ ಸಾಲು ನಿಲ್ಲುವ ಹೊತ್ತು ಅವಳಿಗೆ ಇರುವುದಿಲ್ಲ.